ಮನೆಯ ಕಂಪ್ಯೂಟರಿಗೆ ನಾನೇ ಒಂದು ಗುಮ್ಮ ಬಿಟ್ಟೆ

ಅಪ್ಪಯ್ಯ ಪಹಣಿಯ ಪ್ರಿಂಟು ತೆಗೆಸಲು ಸಾಗರದ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಸಂಜೆ ಪೆನ್‌ಡ್ರೈವನ್ನು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದರು. ಒಳಗೆ ಇರಬೇಕಿದ್ದ ಏಳೆಂಟು ಫೋಲ್ಡರುಗಳ ಜಾಗದಲ್ಲಿ ಒಂದೇ ಒಂದು ಐಕಾನು. ಅದಕ್ಕೆ ಪೆನ್‌ಡ್ರೈವಿನದೇ ಹೆಸರು, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಒತ್ತಿದರು. ಫೋಲ್ಡರುಗಳೆಲ್ಲ ಎಂದಿನ ಹಾಗೆ ಕಂಡವು. ಅಡಿಕೆ ಲೆಕ್ಕದ ಎಕ್ಸೆಲ್ ಹಾಳೆ ತೆರೆದು ಕೆಲಸಕ್ಕೆ ಕೂತರು. ನನಗೆ ವಿಷಯ ಗೊತ್ತಾಗಿದ್ದು ಆ ವಾರದ ಶನಿವಾರ. ಶಿವಮೊಗ್ಗದಿಂದ ಮನೆಗೆ ಬಂದವನು ನನ್ನ ಪೆನ್‌ಡ್ರೈವ್ ಹಾಕಿದೆ, ಅದರಲ್ಲೂ ಅದೇ ಬಾಣ ಹುಟ್ಟಿಕೊಂಡಿತು.

"ಎಂತದೂ ಆಗಿಲ್ಲ ಮಾರಾಯ, ಫೈಲ್ ಎಲ್ಲ ಹಾಗೇ ಇದೆಯಲ್ಲ" ಅಂದರು ಅಪ್ಪಯ್ಯ. ಹೌದು, ಇತ್ತು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರುವ ಈ ಜಾತಿಯ ವೈರಸ್ ಹುಳದ ಜಾಣತನವೇ ಅದು. ಕೆಲಸ ನಿಂತರೆ ತಾನೇ ಅನುಮಾನ ಬರುವುದು!

ಯಂತ್ರದ ಜಾತಕ ಮೊದಲೇ ಹೇಳಿಬಿಡುತ್ತೇನೆ. ಎಂಟನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 256 ಜಿಬಿಯ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಬಳಸುವವರು ಅಪ್ಪಯ್ಯ, ಅಮ್ಮ, ಡಿಪ್ಲೊಮಾ ಓದುವ ತಮ್ಮ, ವಾರಕ್ಕೊಮ್ಮೆ ನಾನು. ನಾಲ್ವರಿಗೂ ಒಂದೇ ಅಕೌಂಟು, ಅದೂ ಯಂತ್ರದಲ್ಲಿ ಏನು ಬೇಕಾದರೂ ಬದಲಿಸಬಲ್ಲ ಅಡ್ಮಿನ್ ಅಕೌಂಟು, ಪಾಸ್‌ವರ್ಡ್ ಇಲ್ಲ. ಇದನ್ನು ಹೀಗೆ ಮಾಡಿಟ್ಟವನು ನಾನೇ. ಆಂಟಿವೈರಸ್ ಎಂದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್.

ಡಿಫೆಂಡರಿನಲ್ಲಿ ಪೂರ್ತಿ ಸ್ಕ್ಯಾನ್ ಹಾಕಿದೆ. ಊಟ ಮುಗಿಸಿ ಬಂದು ನೋಡಿದರೆ ಹಸಿರು ಗುರುತು: ಯಾವ ಅಪಾಯವೂ ಇಲ್ಲ. ಕಾವಲುಗಾರ ಸತ್ತೇ ಹೋಗಿದ್ದಾನೋ ಎಂದು ಪರೀಕ್ಷಿಸಲು ಒಂದು ಹಳೆಯ ಉಪಾಯ ಇದೆ. ಐಕಾರ್ ಎಂಬ 68 ಅಕ್ಷರಗಳ ಒಂದು ಸಾಲು. ಅದು ವೈರಸ್ ಅಲ್ಲ, ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಎಲ್ಲ ಆಂಟಿವೈರಸ್‌ಗಳೂ ಪರೀಕ್ಷೆಗಾಗಿ ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂಬ ಒಪ್ಪಂದವಿದೆ. ನೋಟ್‌ಪ್ಯಾಡಿನಲ್ಲಿ ಅಂಟಿಸಿ ಸೇವ್ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ಫೈಲು ಮಾಯ. ಅಂದರೆ ಕಾವಲುಗಾರ ಎಚ್ಚರವಾಗಿಯೇ ಇದ್ದಾನೆ. ಬಂದವನ ಮುಖ ಪರಿಚಯ ಅವನಿಗಿಲ್ಲ, ಅಷ್ಟೇ.

ಬಾಣದ ಗುರುತಿನ ಐಕಾನಿಗೆ ಶಾರ್ಟ್‌ಕಟ್ ಎನ್ನುತ್ತಾರೆ, ಬೇರೆ ಫೈಲಿಗೆ ದಾರಿ ತೋರಿಸುವುದು ಅದರ ಕೆಲಸ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದೆ. ಟಾರ್ಗೆಟ್ ಎಂಬ ಉದ್ದನೆಯ ಡಬ್ಬಿಯಲ್ಲಿ ಒಂದೇ ಸಾಲು. ಕರ್ಸರನ್ನು ಬಲಕ್ಕೆ ಒತ್ತುತ್ತಾ ಹೋಗಿ ಓದಿದರೆ ಮೊದಲು ಟೈಪು ಮಾಡಿದ ಆಜ್ಞೆಗಳನ್ನು ನಡೆಸುವ ಕಮಾಂಡ್ ಪ್ರಾಂಪ್ಟನ್ನು ಕರೆಯುತ್ತದೆ, ಅದು ಡಬ್ಲ್ಯು-ಸ್ಕ್ರಿಪ್ಟ್ ಎಂಬ ವಿಂಡೋಸಿನದೇ ಪ್ರೋಗ್ರಾಮನ್ನು ಕರೆಯುತ್ತದೆ, ಆ ಪ್ರೋಗ್ರಾಮು ಪೆನ್‌ಡ್ರೈವಿನಲ್ಲಿ ಅಡಗಿರುವ ಒಂದು ವಿಬಿಎಸ್ ಫೈಲನ್ನು, ಅಂದರೆ ಸಾದಾ ಪಠ್ಯದಲ್ಲಿ ಬರೆದ ಆಜ್ಞೆಗಳ ಸ್ಕ್ರಿಪ್ಟನ್ನು, ಓದಿ ನಡೆಸುತ್ತದೆ. ಸಾಲಿನ ಕೊನೆಗೆ ನಿಜವಾದ ಫೋಲ್ಡರನ್ನು ತೆರೆದು ತೋರಿಸು ಎಂಬ ಆಜ್ಞೆ. ಅಪ್ಪಯ್ಯನಿಗೆ ಕಂಡದ್ದು ಈ ಕೊನೆಯ ತುಂಡು ಮಾತ್ರ.

ನಿಜವಾದ ಫೋಲ್ಡರ್ ಎಲ್ಲಿತ್ತು? ಅಲ್ಲೇ ಇತ್ತು, ಹೆಸರಿಲ್ಲದೆ. ಅದರ ಹೆಸರು ಒಂದು ವಿಶೇಷ ಬಗೆಯ ಖಾಲಿ ಅಕ್ಷರ. ಮೇಲೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಮುಸುಕು. ಹಿಡನ್ ಫೈಲ್ ತೋರಿಸು ಎಂದು ಹೇಳಿದರೂ ಸಾಲದು, ಸಿಸ್ಟಮ್ ಫೈಲುಗಳನ್ನು ಬಚ್ಚಿಡುವ ಇನ್ನೊಂದು ಟಿಕ್ಕನ್ನೂ ತೆಗೆಯಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಆಜ್ಞೆ ಕೊಟ್ಟು ಎರಡೂ ಮುಸುಕು ತೆಗೆದ ಮೇಲೆ ಎಲ್ಲ ಫೋಲ್ಡರುಗಳೂ ಸುರಕ್ಷಿತವಾಗಿ ಸಿಕ್ಕವು. ಫೈಲುಗಳ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಚುಕ್ಕೆಯ ನಂತರದ ಅಕ್ಷರಗಳು) ತೋರಿಸುವ ಆಯ್ಕೆ ಹಾಕಿಟ್ಟರೆ ಇಂಥವು ಕಣ್ಣಿಗೆ ಬೀಳುತ್ತವೆ ಎಂದು ನಾನೇ ಹಲವರಿಗೆ ಉಪದೇಶ ಮಾಡಿದ್ದೆ. ಶಾರ್ಟ್‌ಕಟ್ ವಿಷಯದಲ್ಲಿ ಆ ಉಪದೇಶ ನಡೆಯುವುದಿಲ್ಲ. ಅದರ ಎಕ್ಸ್‌ಟೆನ್ಶನನ್ನು ಎಂದೂ ತೋರಿಸಬೇಡ ಎಂದು ವಿಂಡೋಸ್ ತನ್ನ ಸೆಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆದಿದೆ. ಉಳಿಯುವುದು ಆ ಬಾಣ ಒಂದೇ.

ಕಂಪ್ಯೂಟರಿನಲ್ಲಿ ಅದು ಎಲ್ಲಿ ಬೇರು ಬಿಟ್ಟಿದೆ ಎಂದು ಹುಡುಕಲು ಆಟೋರನ್ಸ್ ತೆರೆದೆ. ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ಗಂಟಿನದು. 2006ರಿಂದ ಮೈಕ್ರೋಸಾಫ್ಟಿನದೇ ಆಗಿದೆ, ಉಚಿತ. ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಎಲ್ಲದರ ಪಟ್ಟಿ ಕೊಡುತ್ತದೆ. ಮೈಕ್ರೋಸಾಫ್ಟಿನವುಗಳನ್ನು ಮರೆಮಾಡು ಎಂಬ ಆಯ್ಕೆ ಹಾಕಿದರೆ ನೂರಾರು ಸಾಲು ಇಪ್ಪತ್ತಕ್ಕೆ ಇಳಿಯುತ್ತದೆ. ಆದರೆ ಇಲ್ಲೊಂದು ಎಡವಟ್ಟಿದೆ: ನಮ್ಮ ಕಳ್ಳ ಸವಾರಿ ಮಾಡುತ್ತಿದ್ದುದು ಡಬ್ಲ್ಯು-ಸ್ಕ್ರಿಪ್ಟ್ ಎಂಬ ಮೈಕ್ರೋಸಾಫ್ಟಿನದೇ ಕುದುರೆಯ ಮೇಲೆ. ಆದ್ದರಿಂದ ಆ ಆಯ್ಕೆ ತೆಗೆದು ಇನ್ನೊಮ್ಮೆ ನಿಧಾನವಾಗಿ ನೋಡಿದೆ. ಆಗ ಸಿಕ್ಕಿತು. ರಿಜಿಸ್ಟ್ರಿಯ ರನ್ ಕೀ ಎಂಬಲ್ಲಿ ಒಂದು ಸಾಲು, ಸ್ಟಾರ್ಟಪ್ ಫೋಲ್ಡರಿನಲ್ಲಿ ಒಂದು ಪ್ರತಿ, ಪ್ರೋಗ್ರಾಮುಗಳು ತಮ್ಮ ಸಾಮಾನು ಇಡುವ ಆಪ್‌ಡೇಟಾ ಫೋಲ್ಡರಿನಲ್ಲಿ ಇನ್ನೊಂದು. ಮೂರೂ ಬಳಕೆದಾರನ ಸ್ವಂತ ಜಾಗಗಳು. ಅಲ್ಲಿ ಬರೆಯಲು ಅಡ್ಮಿನ್ ಅನುಮತಿಯೇ ಬೇಡ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ವಿಬಿಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಅರ್ಥವಿಲ್ಲದ ಕಮೆಂಟುಗಳ (ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿಗಳ) ರಾಶಿ, ನಡುವೆ ಅಂಕಿಗಳಿಂದ ಅಕ್ಷರ ಮಾಡಿ ಒಂದೊಂದಾಗಿ ಪೋಣಿಸುವ ಸಾಲುಗಳು. ಅಪ್ಪಯ್ಯನ ಪೆನ್‌ಡ್ರೈವಿನ ಪ್ರತಿ ಮತ್ತು ನನ್ನ ಪೆನ್‌ಡ್ರೈವಿನ ಪ್ರತಿ ಎರಡಕ್ಕೂ ಹ್ಯಾಶ್ ತೆಗೆದೆ. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತು. ಶಾ-256 ಎಂಬ ಬಗೆಯಲ್ಲಿ 64 ಅಕ್ಷರ-ಅಂಕಿ ಬರುತ್ತದೆ. ಫೈಲಿನಲ್ಲಿ ಒಂದೇ ಅಕ್ಷರ ಬದಲಾದರೂ ಇಡೀ ಗುರುತು ಬೇರೆಯಾಗುತ್ತದೆ. ಎರಡು ಪ್ರತಿಗಳ ಹ್ಯಾಶುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಹೋಲಿಕೆಯೇ ಇಲ್ಲ. ಕೆಲಸ ಅದೇ, ಆಜ್ಞೆ ಅದೇ. ಆದರೆ ಹೊಸ ಪೆನ್‌ಡ್ರೈವಿಗೆ ಹಾರುವಾಗಲೆಲ್ಲ ಕಸದ ಕಮೆಂಟುಗಳನ್ನು ಬದಲಿಸಿಕೊಂಡು ಹೊಸ ಅಂಗಿ ತೊಟ್ಟು ಹೋಗುತ್ತದೆ. ಹಲವು ಆಂಟಿವೈರಸ್ ಎಂಜಿನ್‌ಗಳಿಂದ ಒಟ್ಟಿಗೆ ಪರೀಕ್ಷಿಸುವ ವೈರಸ್‌ಟೋಟಲ್ ತಾಣದಲ್ಲಿ ಮೊದಲನೇ ಹ್ಯಾಶ್ ಹಾಕಿ ಹುಡುಕಿದೆ: ಇಂಥ ಫೈಲನ್ನು ಇದುವರೆಗೆ ಯಾರೂ ತಂದಿಲ್ಲ. ಫೈಲನ್ನೇ ಏರಿಸಿದಾಗ ಅರವತ್ತು ಚಿಲ್ಲರೆ ಎಂಜಿನ್‌ಗಳಲ್ಲಿ ಐದು ಮಾತ್ರ ಅನುಮಾನ ಅಂದವು. (ಅಲ್ಲಿಗೆ ಏರಿಸಿದ ಫೈಲುಗಳು ಬೇರೆಯವರಿಗೂ ಸಿಗುತ್ತವೆ. ಮನೆಯ ಕಾಗದಪತ್ರ, ಬ್ಯಾಂಕಿನ ಪಿಡಿಎಫ್ ಏರಿಸಬೇಡಿ. ಮೊದಲು ಹ್ಯಾಶ್ ಹಾಕಿ ನೋಡಿ.)

ಮುಂದಿನ ಶನಿವಾರ ಅದೇ ಫೈಲನ್ನು ಮತ್ತೆ ಪರೀಕ್ಷೆಗೆ ಹಾಕಿದಾಗ ಸಂಖ್ಯೆ ಮೂವತ್ತು ದಾಟಿತ್ತು, ಡಿಫೆಂಡರೂ ಸೇರಿ. ನಮ್ಮ ಮನೆಗೆ ಅದು ಬಂದದ್ದು ಈ ಎರಡು ಶನಿವಾರಗಳಿಗಿಂತ ಮೊದಲು.

ಸಿಕ್ಕಿದ್ದನ್ನೆಲ್ಲ ಅಳಿಸಿದೆ, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನೂ ಮಾಡಿದೆ. ಆದರೂ ಸಮಾಧಾನವಾಗಲಿಲ್ಲ. ಈ ಸ್ಕ್ರಿಪ್ಟು ನಾಲ್ಕು ದಿನದಲ್ಲಿ ಹೊರಗಿನಿಂದ ಇನ್ನೇನನ್ನು ತಂದು ಹಾಕಿದೆಯೋ ಯಾರು ಬಲ್ಲರು? ಆಫೀಸಿನ ಲ್ಯಾಪ್‌ಟಾಪಿನಲ್ಲಿ 8 ಜಿಬಿಯ ಪೆನ್‌ಡ್ರೈವಿಗೆ ವಿಂಡೋಸ್ 11 ಇಳಿಸಿಕೊಂಡು ಬಂದು ಎಸ್‌ಎಸ್‌ಡಿ ಒರೆಸಿ ಹೊಸದಾಗಿ ಹಾಕಿದೆ. ಎಲ್ಲರ ಪಾಸ್‌ವರ್ಡುಗಳನ್ನೂ ಫೋನಿನಿಂದ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿದೆ. ಲಾಗೌಟ್ ಮಾಡಿಸದೆ ಪಾಸ್‌ವರ್ಡ್ ಮಾತ್ರ ಬದಲಿಸಿದರೆ, ಕದ್ದ ಕುಕಿ (ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರಿನ ಚೀಟಿ) ಕೆಲವು ಕಡೆ ಹಾಗೆಯೇ ಜೀವಂತ ಉಳಿಯುತ್ತದೆ.

ಈಗ ಅಸಲಿ ಕೆಲಸ. ಯಾರೂ ಇನ್ನೂ ಹೆಸರಿಡದ ವೈರಸ್ಸನ್ನು ತಡೆಯುವುದು ಹೇಗೆ? ವೈರಸ್ಸುಗಳನ್ನೆಲ್ಲ ತಪ್ಪದೆ ಗುರುತಿಸುವ ಪ್ರೋಗ್ರಾಮು ಬರೆಯಲಿಕ್ಕೇ ಆಗದು ಎಂದು ಫ್ರೆಡ್ ಕೋಹೆನ್ 1984ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಗುರುತಿಸುವ ಚಿಂತೆ ಬಿಟ್ಟು, ನಮ್ಮ ಮನೆಯಲ್ಲಿ ಏನೇನು ನಡೆಯಬೇಕೋ ಅದಿಷ್ಟಕ್ಕೆ ಮಾತ್ರ ದಾರಿ ಇಟ್ಟು ಉಳಿದದ್ದಕ್ಕೆ ಬೀಗ ಹಾಕುವುದು ಎಂದು ನಿರ್ಧರಿಸಿದೆ. ತೋಟಕ್ಕೆ ಬೇಲಿ ಹಾಕುವವನು ಯಾವ ಯಾವ ದನ ಬರಬಹುದು ಎಂದು ಪಟ್ಟಿ ಮಾಡುತ್ತಾ ಕೂರುವುದಿಲ್ಲ.

ಬೇಲಿ ಗಟ್ಟಿಯಿದೆಯೋ ಇಲ್ಲವೋ ನೋಡಲು ಒಂದು ಹೊಸ ದನ ಬೇಕಲ್ಲ. ನಿಜವಾದ ವೈರಸ್ ತಂದು ಆಡುವಷ್ಟು ಧೈರ್ಯ ನನಗಿಲ್ಲ. ನಾನೇ ಬರೆದೆ. ವಿಂಡೋಸಿನ ಡಾಟ್‌ನೆಟ್ ಫೋಲ್ಡರಿನಲ್ಲಿ ಬರೆದ ಸಾಲುಗಳನ್ನು ಓಡುವ ಪ್ರೋಗ್ರಾಮಾಗಿ ಮಾಡುವ ಒಂದು ಸಿ ಶಾರ್ಪ್ ಕಂಪೈಲರ್ ಮೊದಲಿನಿಂದಲೂ ಕೂತಿರುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ಹದಿನೈದು ಸಾಲಿನ ಪ್ರೋಗ್ರಾಮು, ಹೆಸರು ಗುಮ್ಮ. ಡಾಕ್ಯುಮೆಂಟ್ಸಿನಲ್ಲಿ 'ಬಲಿ' ಎಂಬ ಫೋಲ್ಡರು ಮಾಡಿ ಐದು ಪಠ್ಯದ ಫೈಲು ಇಟ್ಟೆ. ಗುಮ್ಮ ಎದ್ದ ಕೂಡಲೇ ಅವುಗಳ ಮೊದಲ ಸಾಲನ್ನು ಓದಿ ಪರದೆಯ ಮೇಲೆ ತೋರಿಸುತ್ತದೆ. ಆಮೇಲೆ ಪ್ರತಿಯೊಂದರ ಕೊನೆಗೂ "ಗುಮ್ಮ ಬಂದಿದ್ದ" ಎಂದು ಬರೆಯುತ್ತದೆ. ಓದುವುದು ಕಳ್ಳನ ಕೆಲಸ, ಬರೆಯುವುದು ಫೈಲುಗಳನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೇಳುವ ರ್‍ಯಾನ್ಸಮ್‌ವೇರಿನ ಕೆಲಸ. ಪ್ರತಿ ಪರೀಕ್ಷೆಗೂ ಮೊದಲು ಒಂದು ಅಕ್ಷರ ಬದಲಿಸಿ ಮತ್ತೆ ಕಂಪೈಲ್ ಮಾಡುತ್ತಿದ್ದೆ. ಹುಟ್ಟಿ ಒಂದು ನಿಮಿಷವಾದ ಫೈಲು, ಜಗತ್ತಿನಲ್ಲಿ ಯಾರೂ ನೋಡಿರದ ಹ್ಯಾಶ್. ಅದೇ ಕೆಲಸವನ್ನು ಮಾಡುವ ಒಂದು ವಿಬಿಎಸ್ ಸ್ಕ್ರಿಪ್ಟನ್ನೂ ಬರೆದೆ. ಅವನು ಗುಮ್ಮನ ತಮ್ಮ.

ಮೊದಲ ಸುತ್ತು: ಏನೂ ಬದಲಿಸದ ವಿಂಡೋಸ್. ಗುಮ್ಮ ಓದಿತು, ಬರೆಯಿತು. ತಮ್ಮನೂ ಹಾಗೆಯೇ. ಗುಮ್ಮನನ್ನು ಜಿಪ್ ಮಾಡಿ ನನಗೇ ಕಳಿಸಿಕೊಂಡು, ಇಳಿಸಿ ಬಿಚ್ಚಿ ನಡೆಸಿದಾಗ ಮಾತ್ರ ಸ್ಮಾರ್ಟ್‌ಸ್ಕ್ರೀನಿನ ನೀಲಿ ಫಲಕ ಅಡ್ಡ ಬಂತು. ಅಂತರ್ಜಾಲದಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುಪ್ತ ಚೀಟಿ ಅಂಟಿಸುತ್ತದೆ, ಆ ಚೀಟಿ ನೋಡಿ ಸ್ಮಾರ್ಟ್‌ಸ್ಕ್ರೀನ್ ಏಳುತ್ತದೆ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್ ಮಾದರಿಯ ಫೈಲ್ ವ್ಯವಸ್ಥೆಗೆ ಆ ಚೀಟಿಯನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಜೆರಾಕ್ಸ್ ಅಂಗಡಿಯ ದಾರಿಯಲ್ಲಿ ಸ್ಮಾರ್ಟ್‌ಸ್ಕ್ರೀನ್ ಇದ್ದೂ ಇಲ್ಲದ ಹಾಗೆ.

ಎರಡನೇ ಸುತ್ತು: ಅಕೌಂಟ್ ಬೇರೆ ಮಾಡುವುದು. 'ಮೇಸ್ತ್ರಿ' ಎಂಬ ಹೆಸರಿನಲ್ಲಿ ಒಂದೇ ಅಡ್ಮಿನ್ ಅಕೌಂಟು. ಉಳಿದ ನಾಲ್ವರದ್ದೂ, ನನ್ನದೂ ಸೇರಿ, ಸ್ಟ್ಯಾಂಡರ್ಡ್. ಇಲ್ಲಿ ನಾನು ಅರ್ಧ ಗಂಟೆ ಬೆವರಿಳಿಸಿದೆ. ಮೇಸ್ತ್ರಿಗೆ ಪಾಸ್‌ವರ್ಡ್ ಕೊಟ್ಟು, ನನ್ನ ಅಕೌಂಟನ್ನು ಸ್ಟ್ಯಾಂಡರ್ಡಿಗೆ ಇಳಿಸಿ, ರೀಸ್ಟಾರ್ಟ್ ಮಾಡಿ ಬಂದರೆ ಆ ಪಾಸ್‌ವರ್ಡು ನಡೆಯುತ್ತಲೇ ಇಲ್ಲ. ಎರಡು ಸಲ ಕೊಟ್ಟು ಖಚಿತಪಡಿಸಿದ್ದು, ತಪ್ಪಿರಲು ಸಾಧ್ಯವಿಲ್ಲ. ಮನೆಯಲ್ಲಿ ಇನ್ನೊಂದು ಅಡ್ಮಿನ್ ಇಲ್ಲ. ಮತ್ತೆ ಎಸ್‌ಎಸ್‌ಡಿ ಒರೆಸುವುದೇ ಗತಿ ಎಂದುಕೊಂಡಾಗ ಲಾಗಿನ್ ಪರದೆಯ ಬಲಮೂಲೆಯಲ್ಲಿ ಇಂಗ್ಲಿಷ್ ಎಂದು ಸೂಚಿಸುವ ಮೂರಕ್ಷರ ಕಂಡಿತು. ಗುಮ್ಮನ ಸಂದೇಶ ಬರೆಯಲು ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿಮಣೆ ಹಾಕಿದ್ದವನು ಅದನ್ನು ಬದಲಿಸದೆಯೇ ಪಾಸ್‌ವರ್ಡ್ ಒತ್ತಿದ್ದೆ. ಚುಕ್ಕೆಗಳ ಹಿಂದೆ ಬಿದ್ದದ್ದೆಲ್ಲ ಕನ್ನಡದ ಅಕ್ಷರಗಳು! ಭಾಷೆ ಬದಲಿಸಿ ಅದೇ ಕೀಲಿಗಳನ್ನು ಒತ್ತಿದೆ, ಬಾಗಿಲು ತೆರೆಯಿತು. ನನಗೆ ಗೊತ್ತಿರುವ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಪಾಸ್‌ವರ್ಡ್ ಇಲ್ಲ, ಆದರೂ ಬದಲಿಸಿದೆ.

ಈ ಸುತ್ತಿನ ಫಲಿತಾಂಶ ಅನೇಕರಿಗೆ ಆಶ್ಚರ್ಯವಾಗಬಹುದು. ಸ್ಟ್ಯಾಂಡರ್ಡ್ ಅಕೌಂಟಿನಲ್ಲೂ ಗುಮ್ಮ ಆರಾಮಾಗಿ ಓದಿತು, ಬರೆಯಿತು. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿಗೆ ಕೈ ಹಾಕಲು ಆಗಲಿಲ್ಲ ಎಂಬುದಷ್ಟೇ ಲಾಭ. ಅಂದರೆ ವಿಂಡೋಸಿನ ಬುಡಕ್ಕೆ ಕೊಡಲಿ ಬೀಳುವುದು ತಪ್ಪಿತು, ಡಿಫೆಂಡರನ್ನು ಆರಿಸುವುದು ಕಷ್ಟವಾಯಿತು. ಆದರೆ ಅಪ್ಪಯ್ಯನ ಲೆಕ್ಕ, ಅಜ್ಜಿಯ ಫೋಟೋಗಳು ಇರುವುದು ಬಳಕೆದಾರನ ಫೋಲ್ಡರಿನಲ್ಲಿ. ಅಲ್ಲಿ ಬಳಕೆದಾರ ಏನು ಮಾಡಬಹುದೋ ಅವನ ಹೆಸರಿನಲ್ಲಿ ಓಡುವ ಗುಮ್ಮನೂ ಅದನ್ನು ಮಾಡಬಹುದು.

ಮೂರನೇ ಸುತ್ತಿಗೆ ಒಂದೂವರೆ ವಾರ ಹಿಡಿಯಿತು. ಡಿಫೆಂಡರಿನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಒಂದು ಸ್ವಿಚ್ಚಿದೆ. 2017ರ ಕೊನೆಯಲ್ಲಿ ವಿಂಡೋಸ್ 10ರೊಂದಿಗೆ ಬಂದದ್ದು, ಇಂದಿಗೂ ಹೆಚ್ಚಿನ ಮನೆಗಳಲ್ಲಿ ಆರಿಯೇ ಇರುತ್ತದೆ. ಹಾಕಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳಲ್ಲಿ ನಂಬಿಕೆಯ ಪ್ರೋಗ್ರಾಮುಗಳು ಮಾತ್ರ ಬರೆಯಬಹುದು. ನೇರವಾಗಿ ಹಾಕಿದ್ದರೆ ಮನೆಯಲ್ಲಿ ಜಗಳವಾಗುತ್ತಿತ್ತು. ವಿಂಡೋಸಿಗೆ ಆಜ್ಞೆ ಟೈಪು ಮಾಡಿ ಕೊಡುವ ಇನ್ನೊಂದು ಕಿಟಕಿ ಪವರ್‌ಶೆಲ್‌ನಿಂದ ಅದನ್ನು ಆಡಿಟ್ ಸ್ಥಿತಿಯಲ್ಲಿ ಇಡಲು ಬರುತ್ತದೆ: ತಡೆಯುವುದಿಲ್ಲ, ತಡೆಯಬೇಕಾಗಿತ್ತು ಎಂದು ಬರೆದಿಡುತ್ತದೆ. ವಿಂಡೋಸಿನ ದಿನಚರಿ ತೋರಿಸುವ ಇವೆಂಟ್ ವ್ಯೂವರಿನಲ್ಲಿ ವಿಂಡೋಸ್ ಡಿಫೆಂಡರ್, ಅದರಡಿ ಆಪರೇಶನಲ್ ಎಂಬ ಲಾಗ್ ತೆರೆದು 1124 ಎಂಬ ಸಂಖ್ಯೆಯ ನಮೂದುಗಳನ್ನು ಹುಡುಕಿ. ಹತ್ತು ದಿನದಲ್ಲಿ ನಮ್ಮಲ್ಲಿ ಸಿಕ್ಕವು ಇವು: ಅಪ್ಪಯ್ಯ ಪಟ್ಟು ಬಿಡದೆ ಬಳಸುವ ಒಂದು ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ, ಪ್ರಿಂಟರಿನ ಜೊತೆ ಬಂದ ಸ್ಕ್ಯಾನಿಂಗ್ ಪ್ರೋಗ್ರಾಮು, ತಮ್ಮನ ಕಾಲೇಜಿನವರು ಕೊಟ್ಟ ಒಂದು ಪರೀಕ್ಷಾ ತಂತ್ರಾಂಶ, ಆಮೇಲೆ ಎರಡು ಗೇಮುಗಳು. ಟೈಪಿಂಗ್ ತಂತ್ರಾಂಶಕ್ಕೂ ಪರೀಕ್ಷೆಯದಕ್ಕೂ ಅನುಮತಿ ಕೊಟ್ಟೆ. ಗೇಮುಗಳಲ್ಲಿ ಒಂದು ಕ್ರ್ಯಾಕ್ ಮಾಡಿದ್ದು, ಅಂದರೆ ದುಡ್ಡು ಕೊಡದೆ ಆಡಲು ಬೀಗ ಮುರಿದದ್ದು. ಹೊಸದಾಗಿ ಹಾಕಿದ ವಿಂಡೋಸಿಗೆ ವಾರದೊಳಗೆ ಅದು ಹೇಗೆ ಬಂತು ಎಂದು ಕೇಳಿದೆ.

"ಅಣ್ಣ, ಆಂಟಿವೈರಸ್ ಆಫ್ ಮಾಡಿಟ್ಟೇ ಹಾಕಬೇಕು ಅಂತ ಅದರಲ್ಲೇ ಬರೆದಿತ್ತು."

ಇದಕ್ಕೆ ಏನು ಹೇಳಲಿ. ಸ್ಟಾಪ್ ಎಂಬ ರ್‍ಯಾನ್ಸಮ್‌ವೇರ್ ಕುಟುಂಬ ವರ್ಷಗಟ್ಟಲೆ ಮನೆ ಕಂಪ್ಯೂಟರುಗಳಿಗೆ ಹೊಕ್ಕಿದ್ದು ಹೆಚ್ಚಾಗಿ ಕ್ರ್ಯಾಕುಗಳ ಬೆನ್ನೇರಿಯೇ. ಗೇಮ್ ತೆಗೆಸಿದೆ. ಎರಡು ದಿನ ನನ್ನೊಂದಿಗೆ ಮಾತಿಲ್ಲ.

ಸ್ವಿಚ್ಚನ್ನು ಪೂರ್ತಿ ಹಾಕಿದ ಮೇಲೆ ಗುಮ್ಮನನ್ನು ಬಿಟ್ಟೆ. ಬಲಮೂಲೆಯಲ್ಲಿ ಸೂಚನೆ ಬಂತು, ಅನುಮತಿಯಿಲ್ಲದ ಬದಲಾವಣೆ ತಡೆಯಲಾಗಿದೆ ಎಂದು. ಐದೂ ಫೈಲುಗಳ ಕೊನೆಯಲ್ಲಿ ಹೊಸ ಸಾಲು ಬಿದ್ದಿರಲಿಲ್ಲ. ಆದರೆ ಪರದೆಯ ಮೇಲೆ ಗುಮ್ಮ ಐದೂ ಫೈಲುಗಳ ಮೊದಲ ಸಾಲನ್ನು ತೋರಿಸುತ್ತಾ ನಿಂತಿತ್ತು. ಈ ಸ್ವಿಚ್ಚು ಬರೆಯುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಈಗಿನ ಕಾಲದ ದೊಡ್ಡ ಪೀಡೆ ಓದಿಕೊಂಡು ಓಡಿಹೋಗುವ ಜಾತಿ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಲುಮ್ಮಾ ಎಂಬ ಮಾಹಿತಿಗಳ್ಳನ ಜಾಲ ಕೆಡವಿದರು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ ಅದು 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳನ್ನು ಹೊಕ್ಕಿತ್ತು ಎಂಬುದು ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಕುಕಿ ಎಲ್ಲ ಅದಕ್ಕೆ ಊಟ.

ಹಾಗಾಗಿ ನಾಲ್ಕನೇ ಸುತ್ತಿನಲ್ಲಿ ಗುಮ್ಮ ಏಳುವುದನ್ನೇ ತಡೆಯಬೇಕು. ಡಿಫೆಂಡರಿನೊಳಗೆ ದಾಳಿಯ ದಾರಿ ಕಡಿಮೆ ಮಾಡುವ ನಿಯಮಗಳ ಒಂದು ಗುಂಪು ಇದೆ, ಎಎಸ್‌ಆರ್ ಎಂದು ಕರೆಯುತ್ತಾರೆ. ಸೆಟಿಂಗ್ಸ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ದೊಡ್ಡ ಸಂಸ್ಥೆಗಳಿಗೆಂದೇ ಮಾಡಿದ್ದು, ಆದರೆ ಪವರ್‌ಶೆಲ್‌ನಿಂದ ಹಾಕಿದರೆ ನಮ್ಮ ಹೋಮ್ ಆವೃತ್ತಿಯಲ್ಲೂ ಕೆಲಸ ಮಾಡಿತು. ಪ್ರತಿ ನಿಯಮಕ್ಕೂ 32 ಅಕ್ಷರ-ಅಂಕಿಯ ಉದ್ದನೆಯ ಐಡಿ. ಕೈಯಲ್ಲಿ ಟೈಪು ಮಾಡಲು ಹೋಗಬೇಡಿ, ಮೈಕ್ರೋಸಾಫ್ಟಿನ ದಾಖಲೆಯಿಂದ ಕಾಪಿ ಮಾಡಿ. ಪವರ್‌ಶೆಲ್ ಕಂಡರೆ ಭಯವಾಗುವವರಿಗೆ ಕಾನ್ಫಿಗರ್‌ಡಿಫೆಂಡರ್ ಎಂಬ ಉಚಿತ ಪ್ರೋಗ್ರಾಮಿದೆ, ಅದು ಇವನ್ನೆಲ್ಲ ಒಂದು ಕಿಟಕಿಯಲ್ಲಿ ಇಡುತ್ತದೆ.

ನನಗೆ ಬೇಕಾಗಿದ್ದ ನಿಯಮ ಒಂದು. ಒಂದು ಪ್ರೋಗ್ರಾಮು ಸಾಕಷ್ಟು ಜನರಲ್ಲಿ ಬಳಕೆಯಲ್ಲಿರಬೇಕು, ಇಲ್ಲವೇ ಸಾಕಷ್ಟು ಹಳೆಯದಾಗಿರಬೇಕು, ಇಲ್ಲವೇ ನಂಬಿಕೆಯ ಪಟ್ಟಿಯಲ್ಲಿರಬೇಕು; ಮೂರೂ ಅಲ್ಲದಿದ್ದರೆ ಏಳಲು ಬಿಡಬೇಡ. ಇದು ಕೆಟ್ಟದ್ದೋ ಎಂದು ಕೇಳುವುದೇ ಇಲ್ಲ, ನಿನ್ನನ್ನು ಯಾರು ಬಲ್ಲರು ಎಂದು ಕೇಳುತ್ತದೆ. ಈ ನಿಯಮಕ್ಕೆ ಡಿಫೆಂಡರಿನ ಕ್ಲೌಡ್ ರಕ್ಷಣೆ (ಮೈಕ್ರೋಸಾಫ್ಟಿನ ಸರ್ವರುಗಳನ್ನು ಕೇಳಿ ತೀರ್ಮಾನಿಸುವುದು) ಹಾಕಿರಬೇಕು. ಅದರ ಜೊತೆಗೆ ಕ್ಲೌಡಿನ ಕಾಯುವ ಸಮಯವನ್ನೂ ಹೆಚ್ಚಿಸಿದೆ. ಅನುಮಾನದ ಫೈಲನ್ನು ಡಿಫೆಂಡರ್ ಸಾಮಾನ್ಯವಾಗಿ 10 ಸೆಕೆಂಡು ಹಿಡಿದಿಟ್ಟು ಮೇಲಿನವರನ್ನು ಕೇಳುತ್ತದೆ, ಅದನ್ನು 60ರವರೆಗೂ ಏರಿಸಬಹುದು. ಯುಎಸ್‌ಬಿಯಿಂದ ತಯಾರಕರ ಡಿಜಿಟಲ್ ಸಹಿಯಿಲ್ಲದ ಪ್ರೋಗ್ರಾಮು ಓಡದಂತೆ ಮಾಡುವ ನಿಯಮ ಇನ್ನೊಂದು.

ಹೊಸದಾಗಿ ಕಂಪೈಲ್ ಮಾಡಿದ ಗುಮ್ಮನ ಮೇಲೆ ಎರಡು ಸಲ ಒತ್ತಿದೆ. ಏಳಲಿಲ್ಲ. ಪೆನ್‌ಡ್ರೈವಿನಿಂದ ಒತ್ತಿದೆ, ಏಳಲಿಲ್ಲ. ಲಾಗಿನಲ್ಲಿ 1121 ಎಂಬ ನಮೂದು ಎರಡು ಸಲ. ಜಂಬ ಬಂತು. ಆಮೇಲೆ ಗುಮ್ಮನ ತಮ್ಮನನ್ನು ಒತ್ತಿದೆ.

ತಮ್ಮ ಎದ್ದು ಐದೂ ಫೈಲುಗಳನ್ನು ಓದಿ ಹೋದ.

ಯಾಕೆಂದರೆ ಅಲ್ಲಿ ಓಡುವ ಪ್ರೋಗ್ರಾಮು ಡಬ್ಲ್ಯು-ಸ್ಕ್ರಿಪ್ಟ್. ಮೈಕ್ರೋಸಾಫ್ಟಿನ ಸಹಿ ಇದೆ, ಲೋಕವೆಲ್ಲ ಬಲ್ಲದು, ಹಳೆಯದು. ಸ್ಕ್ರಿಪ್ಟು ಅದರ ಕೈಲಿರುವ ಚೀಟಿ ಅಷ್ಟೇ. ಅಪ್ಪಯ್ಯನ ಪೆನ್‌ಡ್ರೈವಿನಲ್ಲಿ ಬಂದದ್ದೂ ಇದೇ ದಾರಿಯಲ್ಲಿ. ಇಷ್ಟೆಲ್ಲ ಮಾಡಿ ಮೊದಲನೆಯ ಕಳ್ಳನಿಗೇ ಬಾಗಿಲು ತೆರೆದಿಟ್ಟಿದ್ದೆ! ರಾತ್ರಿ ಹತ್ತೂವರೆ ಆಗಿತ್ತು, ಮಳೆ ಹೊಡೆಯುತ್ತಿತ್ತು, ಕರೆಂಟೂ ಹೋಯಿತು. ಮಲಗಿದೆ.

ಭಾನುವಾರ ಬೆಳಿಗ್ಗೆ ಯೋಚಿಸಿದಾಗ ಪರಿಹಾರ ಸರಳವಾಗಿತ್ತು. ನಮ್ಮ ಮನೆಯಲ್ಲಿ ವಿಬಿಎಸ್ ಯಾರಿಗೆ ಬೇಕು? ಯಾರಿಗೂ ಬೇಡ. ರಿಜಿಸ್ಟ್ರಿಯಲ್ಲಿ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟಿನ (ಡಬ್ಲ್ಯು-ಸ್ಕ್ರಿಪ್ಟ್ ಇದರದೇ ಭಾಗ) ಸೆಟಿಂಗ್ಸ್ ಕೀಯಲ್ಲಿ ಎನೇಬಲ್ಡ್ ಎಂಬ ಬೆಲೆ ಸೃಷ್ಟಿಸಿ 0 ಕೊಟ್ಟರೆ ಆ ಕುದುರೆಯ ಕಾಲೇ ಕಟ್ಟಿದ ಹಾಗೆ. ವಿಬಿಎಸ್ ಫೈಲುಗಳ ಭಾಷೆಯಾದ ವಿಬಿ ಸ್ಕ್ರಿಪ್ಟನ್ನು ಮೈಕ್ರೋಸಾಫ್ಟೇ 2023ರಲ್ಲಿ ನಿವೃತ್ತಿಯ ಪಟ್ಟಿಗೆ ಸೇರಿಸಿದೆ. ವಿಂಡೋಸ್ 11ರ ಈಚಿನ ಆವೃತ್ತಿಗಳಲ್ಲಿ ಆಪ್ಶನಲ್ ಫೀಚರ್ಸ್ ಪಟ್ಟಿಯಿಂದ ಅದನ್ನು ಕಿತ್ತೂ ಹಾಕಬಹುದು. ನಾನು ಎರಡೂ ಮಾಡಿದೆ. ತಮ್ಮ ಏಳಲಿಲ್ಲ. (ಮನೆಯ ತಮ್ಮನೂ ಇನ್ನೂ ಎದ್ದಿರಲಿಲ್ಲ.)

ಉಳಿದದ್ದು ಪವರ್‌ಶೆಲ್. ಅದನ್ನು ಕೀಳಲು ಆಗದು, ನಾನೇ ಬಳಸುತ್ತೇನೆ. ಇತ್ತೀಚಿನ ಒಂದು ಮೋಸ ಇದೇ ದಾರಿಯದು. ನೀವು ಮನುಷ್ಯರೆಂದು ಸಾಬೀತು ಮಾಡಿ ಎಂದು ಪುಟವೊಂದು ಕೇಳುತ್ತದೆ, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಕ್ಲಿಪ್‌ಬೋರ್ಡಿಗೆ ಪವರ್‌ಶೆಲ್ಲಿನ ಆಜ್ಞೆಯನ್ನು ಅದು ಮೊದಲೇ ತುಂಬಿಟ್ಟಿರುತ್ತದೆ. ವೈರಸ್ಸನ್ನು ನಮ್ಮ ಕೈಯಿಂದಲೇ ಬಡಿಸಿಕೊಳ್ಳುವ ಏರ್ಪಾಡು. ಅಪ್ಪ-ಅಮ್ಮನ ಅಕೌಂಟಿನಲ್ಲಿ, ವಿಂಡೋಸ್ ಕೀ ಮತ್ತು ಆರ್ ಒತ್ತಿದರೆ ತೆರೆಯುವ ರನ್ ಡಬ್ಬಿಯನ್ನೇ ರಿಜಿಸ್ಟ್ರಿಯಿಂದ ಮುಚ್ಚಿದೆ. ಇದು ಅರ್ಧ ಬಾಗಿಲು ಮಾತ್ರ, ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಪಟ್ಟಿಯಲ್ಲಿ ಅಂಟಿಸಲು ಹೇಳುವ ಬಗೆಯೂ ಬಂದಿದೆ. ಹಾಗಾಗಿ ಮಾನಿಟರಿನ ಕೆಳಗೆ ಒಂದು ಚೀಟಿ ಅಂಟಿಸಿದೆ: "ಪರದೆ ಹೇಳಿತು ಎಂದು ಕೀ ಒತ್ತಬೇಡಿ. ನನಗೆ ಫೋನ್ ಮಾಡಿ."

ಅಪ್‌ಡೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಜಗತ್ತನ್ನು ಅಲುಗಾಡಿಸಿದಾಗ ಅದು ಹೊಕ್ಕ ತೂತಿಗೆ ತೇಪೆ ಮಾರ್ಚ್ 14ರಂದೇ ಬಂದಿತ್ತು. ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಬೇಡಿ, ಅಷ್ಟೇ. ರೂಟರಿನಲ್ಲಿ, ತಾಣದ ಹೆಸರು ಹೇಳಿದರೆ ಅದರ ದಾರಿ ತೋರಿಸುವ ಡಿಎನ್‌ಎಸ್ ಸೇವೆಯ ವಿಳಾಸವನ್ನು ಕ್ವಾಡ್‌ನೈನಿನ 9.9.9.9ಕ್ಕೆ ಬದಲಿಸಿದೆ, ಗೊತ್ತಿರುವ ಕೆಟ್ಟ ತಾಣಗಳ ಹೆಸರಿಗೆ ಅದು ದಾರಿ ಹೇಳುವುದಿಲ್ಲ. ಅಂತರ್ಜಾಲದ ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೂ ಬದಲಿಸಬೇಕೆಂದು ಮರೆತಿದ್ದೆ, ಮಾರನೇ ವಾರ ಸರಿಮಾಡಿದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಸರ್ಕಾರದ್ದೇ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ಯುಎಸ್‌ಬಿ ಪ್ರತಿರೋಧ್, ಆಪ್‌ಸಂವಿದ್ ಎಂಬ ಉಚಿತ ಸಾಧನಗಳ ಪ್ರಸ್ತಾಪವಿದೆ. ಎರಡನೆಯದು ಅನುಮತಿ ಇದ್ದದ್ದನ್ನು ಮಾತ್ರ ಓಡಲು ಬಿಡುವ ಇದೇ ತತ್ವದ್ದು. ಒಂದೇ ಬಾಗಿಲಿಗೆ ಎರಡು ಚಿಲಕ ಬೇಡವೆಂದು ನಾನು ಹಾಕಲಿಲ್ಲ.

ಬ್ಯಾಕಪ್ಪಿಗೆ ಬೇರೆ ಬೇರೆ ಎರಡು ಡಿಸ್ಕು. ಒಂದು ವಾರ ಒಂದು, ಮರುವಾರ ಇನ್ನೊಂದು. ಕಾಪಿ ಆದ ಕೂಡಲೇ ವೈರು ಕಿತ್ತು ಒಂದನ್ನು ಕಪಾಟಿಗೆ, ಒಂದನ್ನು ನನ್ನ ಜೊತೆ ಶಿವಮೊಗ್ಗಕ್ಕೆ. ಸಿಕ್ಕಿಸಿಯೇ ಇಟ್ಟ ಡಿಸ್ಕನ್ನು ರ್‍ಯಾನ್ಸಮ್‌ವೇರ್ ಮೊದಲ ಪಂಕ್ತಿಯಲ್ಲೇ ಉಣ್ಣುತ್ತದೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನೂ ಅಳಿಸುತ್ತದೆ. ಕಾಪಿ ಮಾಡಿದ್ದು ವಾಪಸ್ ಬರುತ್ತದೆಯೇ ಎಂದು ನೋಡಲು 'ಬಲಿ' ಫೋಲ್ಡರನ್ನು ಅಳಿಸಿ ಮರಳಿ ತಂದೆ. ಬಂತು, ಗುಮ್ಮನ ಹಳೆಯ ಸಹಿಗಳ ಸಮೇತ.

ಮನೆಯವರ ಅನುಭವವನ್ನೂ ಬರೆಯಬೇಕು. ಮೊದಲ ತಿಂಗಳಲ್ಲಿ ಮೇಸ್ತ್ರಿಯ ಪಾಸ್‌ವರ್ಡ್ ಬೇಕೆಂದು ನನಗೆ ಆರು ಫೋನು. ಒಂದು ಸಲ ಅಪ್ಪಯ್ಯ ರೇಗಿಯೇ ಬಿಟ್ಟರು: "ನೀನು ಬೇಲಿ ಹಾಕಿದ್ದು ವೈರಸ್ಸಿಗೋ ನನಗೋ?" ಆ ಹೊತ್ತಿಗೆ ನ್ಯಾಯ ಅವರ ಕಡೆಗೇ ಇತ್ತು. ಪ್ರಿಂಟರಿನ ಸ್ಕ್ಯಾನಿಂಗ್ ಪ್ರೋಗ್ರಾಮು ಅಪ್‌ಡೇಟ್ ಆದಾಗಲೆಲ್ಲ ಹೊಸ ಮುಖ ಹೊತ್ತು ಬರುತ್ತದೆ, ನಿಯಮ ಅದನ್ನು ಹಿಡಿದು ಕೂರಿಸುತ್ತದೆ. ಅದನ್ನು ಇನ್ನೂ ಬಗೆಹರಿಸಿಲ್ಲ, ಸದ್ಯಕ್ಕೆ ಅಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿಕೊಡುತ್ತಾರೆ.

ಎರಡು ತಿಂಗಳ ಮೇಲೆ ಅಪ್ಪಯ್ಯ ಅದೇ ಜೆರಾಕ್ಸ್ ಅಂಗಡಿಗೆ ಹೋಗಿ ಬಂದು ಪೆನ್‌ಡ್ರೈವ್ ಹಾಕಿ, ಬಾಣದ ಐಕಾನನ್ನು ಎಂದಿನಂತೆ ಒತ್ತಿದರು. ಫೋಲ್ಡರು ತೆರೆಯಿತು, ಜೊತೆಗೆ ಸ್ಕ್ರಿಪ್ಟ್ ಹೋಸ್ಟ್ ಈ ಯಂತ್ರದಲ್ಲಿ ಬಂದ್ ಆಗಿದೆ ಎಂಬ ಇಂಗ್ಲಿಷಿನ ಪುಟ್ಟ ಡಬ್ಬಿ. ಫೋನ್ ಬಂತು. ಏನನ್ನೂ ಮುಟ್ಟದೆ ಪೆನ್‌ಡ್ರೈವ್ ತೆಗೆದಿಡಿ ಅಂದೆ. ಆ ಶನಿವಾರ ಅದರೊಳಗಿನ ಫೈಲಿನ ಹ್ಯಾಶ್ ವೈರಸ್‌ಟೋಟಲ್‌ನಲ್ಲಿ ಹಾಕಿದರೆ, ಮತ್ತೆ ಹೊಸ ಅಂಗಿ, ಯಾರೂ ನೋಡಿಲ್ಲ. ಆಟೋರನ್ಸ್‌ನಲ್ಲಿ ಒಂದೇ ಒಂದು ಹೊಸ ಸಾಲೂ ಇರಲಿಲ್ಲ.

ಅಂಗಡಿಯವರಿಗೆ ಹೇಳಿ ನೋಡಿದೆ, "ನಮ್ಮಲ್ಲಿ ಆಂಟಿವೈರಸ್ ಇದೆ ಸಾರ್" ಅಂದರು. ಹಾಗಾಗಿ ಈಗ ಅಪ್ಪಯ್ಯನ ಕಿಸೆಯಲ್ಲಿ ಪೆನ್‌ಡ್ರೈವ್ ಇಲ್ಲ. ಹಳೆಯ ಕ್ಯಾಮೆರಾದ ಎಸ್‌ಡಿ ಕಾರ್ಡು ಮತ್ತು ಒಂದು ಯುಎಸ್‌ಬಿ ಕಾರ್ಡ್ ರೀಡರು ಇದೆ. ಕಾರ್ಡಿನ ಪಕ್ಕದಲ್ಲಿ ಪುಟ್ಟ ಗುಬುಟು, ಕೆಳಗೆ ಜಾರಿಸಿದರೆ ಬರೆಯುವುದು ಬಂದ್. ಆ ಗುಬುಟನ್ನು ಗೌರವಿಸುವುದು ಬಿಡುವುದು ರೀಡರಿಗೆ ಬಿಟ್ಟದ್ದು. ಆದ್ದರಿಂದ ಅಂಗಡಿಯ ರೀಡರ್ ಬೇಡ, ನಮ್ಮದೇ ಒಯ್ಯಬೇಕು. ನಮ್ಮದನ್ನು ಮೊದಲೇ ಪರೀಕ್ಷಿಸಿ ನೋಡಿದ್ದೇನೆ. ಬಸ್ಸು ಹತ್ತುವ ಮುಂಚೆ ಅಪ್ಪಯ್ಯ ಕನ್ನಡಕ ಏರಿಸಿ ಉಗುರಿನಿಂದ ಆ ಗುಬುಟನ್ನು ಜಾರಿಸುತ್ತಾರೆ, ತೋಟದ ಗೇಟಿಗೆ ಸರಪಣಿ ಸಿಕ್ಕಿಸಿದ ಮೇಲೆ ಒಮ್ಮೆ ಜಗ್ಗಿ ನೋಡುವ ಹಾಗೆ ಇನ್ನೊಮ್ಮೆ ಒತ್ತಿ ನೋಡುತ್ತಾರೆ.